ಫೇವ್ ಬಿತ್ತು, ಕಮೆಂಟ್ ಬಂತು, ಮುಂದೇನು? ಆನ್‌ಲೈನ್ ಚಿತ್ರಲೋಕದಲ್ಲಿ ಅಭಿಮಾನಿಗಳಿಗೆ ಥ್ಯಾಂಕ್ಸ್ ಹೇಳುವ ಸಮಗ್ರ ಮಾರ್ಗದರ್ಶಿ

ಕಲಾವಿದರು ತಮ್ಮ ಚಿತ್ರಗಳನ್ನು ಹಾಕುವ ಡೀವಿಯಂಟ್‌ಆರ್ಟ್ ಎಂಬ ತಾಣದಲ್ಲಿ ಹತ್ತು ಹದಿನೈದು ವರ್ಷ ಹಳೆಯದಾದ ಯಾವುದಾದರೂ ಪ್ರೊಫೈಲ್ ತೆರೆದು ಕೆಳಗಿಳಿಯುತ್ತ ಹೋಗಿ. ‘ಫೇವ್‌ಗೆ ಥ್ಯಾಂಕ್ಸ್!’, ‘ವಾಚ್ ಮಾಡಿದ್ದಕ್ಕೆ ಥ್ಯಾಂಕ್ಸ್!’, ‘ಲಾಮಾಗೆ ಥ್ಯಾಂಕ್ಸ್!’ ಅನ್ನುವ ಸಾಲುಗಳು ಗೋಡೆ ಬರಹದ ಹಾಗೆ ಸಿಗುತ್ತವೆ. (ಫೇವ್ ಅಂದರೆ ಚಿತ್ರ ಹಿಡಿಸಿತೆಂದು ಒತ್ತುವ ಗುರುತು, ವಾಚ್ ಅಂದರೆ ಅಲ್ಲಿನ ಫಾಲೋ. ಲಾಮಾದ ವಿಷಯ ಮುಂದೆ ಬರುತ್ತದೆ.) 2000ದ ಆಗಸ್ಟ್‌ನಲ್ಲಿ ಶುರುವಾದ ಈ ತಾಣದಲ್ಲಿ ಹೀಗೆ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಥ್ಯಾಂಕ್ಸ್ ಹೇಳಿ ಬರುವುದು ಬಹುಕಾಲ ಸಭ್ಯತೆಯ ಲಕ್ಷಣ ಅನ್ನಿಸಿಕೊಂಡಿತ್ತು. ಈಗಲೂ ಹಾಗೆ ಮಾಡುವವರಿದ್ದಾರೆ. ಅದನ್ನು ಕಂಡರೆ ಕಿರಿಕಿರಿಯಾಗಿ, ‘ದಯವಿಟ್ಟು ಫೇವ್‌ಗೆ ಥ್ಯಾಂಕ್ಸ್ ಹಾಕಬೇಡಿ’ ಎಂದು ಪ್ರೊಫೈಲಿನ ತಲೆಯ ಮೇಲೆಯೇ ಬರೆದುಕೊಂಡವರೂ ಇದ್ದಾರೆ. ಹೊಸದಾಗಿ ಚಿತ್ರ ಹಾಕಲು ಶುರು ಮಾಡಿದವರಿಗೆ ಗೊಂದಲವಾಗುವುದು ಇಲ್ಲಿಯೇ: ಹೇಳದಿದ್ದರೆ ಜಂಬ ಅಂದುಕೊಳ್ಳುತ್ತಾರೆ, ಹೇಳಿದರೆ ಸ್ಪ್ಯಾಮ್ ಅನ್ನುತ್ತಾರೆ.

ನನ್ನ ಲೆಕ್ಕ ಸರಳ. ಅಭಿಮಾನಿ ಎಷ್ಟು ಶ್ರಮ ಹಾಕಿದ್ದಾರೋ ಅದಕ್ಕೆ ತಕ್ಕಷ್ಟು ಹೇಳಿ. ಅವರು ಎಲ್ಲಿ ಮಾತಾಡಿದರೋ ಅಲ್ಲಿಯೇ ಹೇಳಿ. ಹೇಳಿದ ಮೇಲೆ ಅವರಿಂದ ಇನ್ನೇನನ್ನೂ ಕೇಳಬೇಡಿ. ಮುಂದೆ ಬರುವುದೆಲ್ಲ ಇದನ್ನು ಬೇರೆ ಬೇರೆ ಸಂದರ್ಭಕ್ಕೆ ಹೊಂದಿಸಿಕೊಳ್ಳುವ ವಿವರ. ಹೆಚ್ಚಿನ ಉದಾಹರಣೆ ಡೀವಿಯಂಟ್‌ಆರ್ಟ್‌ನದು, ಯಾಕೆಂದರೆ ಈ ಶಿಷ್ಟಾಚಾರ ಬೆಳೆದದ್ದೇ ಅಲ್ಲಿ. ನಮ್ಮ ಕಡೆಯ ಕಲಾವಿದರು ಹೆಚ್ಚಾಗಿ ಇರುವುದು ಇನ್‌ಸ್ಟಾಗ್ರಾಮ್‌ನಲ್ಲಿ, ಆದ್ದರಿಂದ ಅದೂ ಜೊತೆಗಿದೆ.

ಹೆಜ್ಜೆ 1: ನೋಟಿಫಿಕೇಶನ್ ರಾಶಿಯನ್ನು ವಿಂಗಡಿಸಿ

ಬೆಳಗ್ಗೆ ಎದ್ದು ಫೋನ್ ನೋಡಿದರೆ ಐವತ್ತು ನೋಟಿಫಿಕೇಶನ್. ಎಲ್ಲವೂ ಒಂದೇ ಅಲ್ಲ. ಫೇವ್, ಲೈಕ್, ಬುಕ್‌ಮಾರ್ಕ್ ಇವೆಲ್ಲ ಬೆರಳು ತಾಗಿಸಿದ ಕೆಲಸ. ವಾಚ್ ಅಥವಾ ಫಾಲೋ ಅಂದರೆ ಇನ್ನು ಮುಂದೆಯೂ ನೋಡುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಕಮೆಂಟ್ ಬರೆದವರು ನಿಮ್ಮ ಚಿತ್ರದ ಮುಂದೆ ನಿಂತು ಯೋಚಿಸಿದ್ದಾರೆ. ಫ್ಯಾನ್‌ಆರ್ಟ್, ಅಂದರೆ ನಿಮ್ಮ ಪಾತ್ರದ ಚಿತ್ರವನ್ನು ತಾವೇ ಬರೆದವರು ತಮ್ಮ ಒಂದು ಸಂಜೆಯನ್ನೇ ಕೊಟ್ಟಿದ್ದಾರೆ. ದುಡ್ಡು ಕೊಟ್ಟವರದು ಇನ್ನೊಂದು ಬಗೆ.

ಉತ್ತರ ಬರೆಯುವುದಕ್ಕೆ ಮುಂಚೆ ಹೀಗೆ ಬೇರೆ ಮಾಡಿಕೊಂಡರೆ ಸಮಯ ಎಲ್ಲಿಗೆ ಹೋಗಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಡೀವಿಯಂಟ್‌ಆರ್ಟ್‌ನಲ್ಲಿ ನೋಟಿಫಿಕೇಶನ್‌ಗಳು ಹೆಚ್ಚುಕಮ್ಮಿ ಬಗೆಬಗೆಯಾಗಿ ಬೇರ್ಪಟ್ಟೇ ಸಿಗುತ್ತವೆ. ಇನ್‌ಸ್ಟಾಗ್ರಾಮ್‌ನಲ್ಲಿ ಲೈಕುಗಳ ನಡುವೆ ಒಳ್ಳೆಯ ಕಮೆಂಟ್ ಮುಳುಗಿಹೋಗುತ್ತದೆ, ಹಾಗಾಗಿ ಪೋಸ್ಟಿಗೇ ಹೋಗಿ ಕಮೆಂಟ್ ಪಟ್ಟಿ ತೆರೆದು ಓದುವುದು ವಾಸಿ.

ಹೆಜ್ಜೆ 2: ಫೇವ್ ಮತ್ತು ವಾಚ್, ಇಲ್ಲಿ ಕೈ ಬಿಗಿ ಇರಲಿ

ಒಂದೊಂದು ಫೇವ್‌ಗೂ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಯಾರೋ ಹತ್ತು ಸೆಕೆಂಡಿನಲ್ಲಿ ನಿಮ್ಮ ಐದು ಚಿತ್ರಗಳಿಗೆ ಫೇವ್ ಒತ್ತಿದರು, ನೀವು ಐದು ಸಲ ಅವರ ಪ್ರೊಫೈಲಿಗೆ ಹೋಗಿ ಬರೆದಿರಿ ಅಂದರೆ ಅವರ ಪುಟದಲ್ಲಿ ಅವರ ಗೆಳೆಯರ ಮಾತೆಲ್ಲ ಕೆಳಗೆ ಜಾರಿ ನಿಮ್ಮದೇ ತುಂಬಿಕೊಳ್ಳುತ್ತದೆ. ಅದು ಅವರ ಜಗುಲಿ, ನಿಮ್ಮದಲ್ಲ.

ಇನ್ನೂ ಹೊಸಬರಾಗಿದ್ದು ವಾರಕ್ಕೆ ಎರಡೋ ಮೂರೋ ಫೇವ್ ಬರುತ್ತಿದ್ದರೆ ಹೇಳಬಾರದೆಂದೇನೂ ಇಲ್ಲ. ಆದರೆ ಮೊದಲು ಅವರ ಪ್ರೊಫೈಲಿನ ಪರಿಚಯ ಓದಿ, ‘ಥ್ಯಾಂಕ್ಸ್ ಬೇಡ’ ಎಂದಿದ್ದರೆ ಸುಮ್ಮನೆ ಹಿಂದಿರುಗಿ. ಅಂಥದ್ದೇನೂ ಇಲ್ಲದಿದ್ದರೆ ಬರಿಯ ಥ್ಯಾಂಕ್ಸ್‌ಗಿಂತ ಒಳ್ಳೆಯ ಕೆಲಸವೊಂದಿದೆ: ಅವರ ಗ್ಯಾಲರಿ ತೆರೆದು, ನಿಜವಾಗಿ ಹಿಡಿಸಿದ ಒಂದು ಚಿತ್ರದ ಕೆಳಗೆ ಎರಡು ಸಾಲು ಬರೆಯಿರಿ. ಫೇವ್‌ನ ಮಾತೇ ಎತ್ತಬೇಡಿ. ಅವರು ಹೆಸರು ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಯಾವುದೂ ಹಿಡಿಸಲಿಲ್ಲವೋ, ಏನೂ ಬರೆಯಬೇಡಿ. ಮದುವೆ ಮನೆಯ ಮುಯ್ಯಿಯ ಹಾಗೆ ಕೊಟ್ಟದ್ದು ಬಂದದ್ದು ಲೆಕ್ಕ ಇಡುವ ಅಗತ್ಯ ಇಲ್ಲಿಲ್ಲ.

ವಾಚ್‌ನ ವಿಷಯ ಸ್ವಲ್ಪ ಬೇರೆ. ಒಬ್ಬರು ನಿಮ್ಮನ್ನು ವಾಚ್ ಮಾಡಿದಾಗ ಪ್ರೊಫೈಲಿನಲ್ಲಿ ಒಂದು ಸಾಲು ಹಾಕುವುದನ್ನು ಹಳಬರು ಇನ್ನೂ ಇಷ್ಟಪಡುತ್ತಾರೆ. ಅದರಲ್ಲಿ ತಪ್ಪಿಯೂ ಇರಬಾರದ್ದು: ‘ನನ್ನ ಕಮಿಷನ್ (ದುಡ್ಡಿಗೆ ಚಿತ್ರ ಬರೆದುಕೊಡುವುದು) ತೆರೆದಿದೆ, ಅಂಗಡಿ ಲಿಂಕ್ ಇಲ್ಲಿದೆ, ಇನ್‌ಸ್ಟಾದಲ್ಲೂ ಫಾಲೋ ಮಾಡಿ’. ಥ್ಯಾಂಕ್ಸ್ ಹೆಸರಿನಲ್ಲಿ ಜಾಹೀರಾತು ಹಂಚಿದರೆ ಜನ ಥ್ಯಾಂಕ್ಸನ್ನೇ ಅನುಮಾನಿಸುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಂತೂ ಹೊಸ ಫಾಲೋವರ್‌ಗೆ ಡಿಎಂ ಕಳಿಸಲೇಬೇಡಿ. ಅಲ್ಲಿ ಹಾಗೆ ಬರುವ ಸಂದೇಶಗಳಲ್ಲಿ ಬಹುಪಾಲು ಏನನ್ನೋ ಮಾರುವವರದು, ನಿಮ್ಮದನ್ನೂ ಅದೇ ಗುಂಪಿಗೆ ಸೇರಿಸಿಬಿಡುತ್ತಾರೆ.

ಲಾಮಾ ಅನ್ನುವುದು ಡೀವಿಯಂಟ್‌ಆರ್ಟ್‌ನ ಒಂದು ತಮಾಷೆ. ಒಬ್ಬರಿಗೆ ಒಂದೇ ಸಲ ಕೊಡಬಹುದಾದ ಪುಕ್ಕಟೆ ಬ್ಯಾಡ್ಜ್ ಅದು. ಯಾರಾದರೂ ಕೊಟ್ಟರೆ ತಿರುಗಿ ಒಂದು ಲಾಮಾ ಕೊಟ್ಟುಬಿಡಿ, ವ್ಯವಹಾರ ಮುಗಿಯಿತು. ಮಾತು ಬೇಕಿಲ್ಲ.

ಹೆಜ್ಜೆ 3: ಕಮೆಂಟ್‌ಗೆ ಉತ್ತರ, ಸಮಯ ಖರ್ಚಾಗಬೇಕಾದ್ದು ಇಲ್ಲಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಬಡಗುತಿಟ್ಟಿನ ಯಕ್ಷಗಾನದ ಅಭಿಮನ್ಯುವನ್ನು ಬರೆದು ಹಾಕಿದ್ದೀರಿ. ತಲೆಯ ಮೇಲೆ ದೊಡ್ಡ ಮುಂಡಾಸು, ಕೈಯಲ್ಲಿ ಬಿಲ್ಲು, ಹಿಂದೆ ಚಕ್ರವ್ಯೂಹದ ಸುಳಿ. ಸಂಜೆಯ ಹೊತ್ತಿಗೆ ಮೂರು ಕಮೆಂಟ್ ಬಂದಿವೆ.

ಮೊದಲನೆಯದು: ‘ಸೂಪರ್ ಗುರು, ಬೆಂಕಿ!’ ಇದಕ್ಕೆ ಪ್ರಬಂಧ ಬರೆಯಬೇಡಿ. ‘ಥ್ಯಾಂಕ್ಸ್ ಗುರು’ ಸಾಕು. ಇಂಥವು ಹತ್ತಾರು ಇದ್ದರೆ ಒಂದೊಂದಕ್ಕೂ ಹೃದಯದ ಗುರುತು ಒತ್ತಿ ಮುಂದೆ ಹೋಗಿ.

ಎರಡನೆಯದು: ‘ಮುಖದ ಮೇಲಿನ ಬೆಳಕು ನೋಡಿ ಚೌಕಿಯಲ್ಲಿ ಕೂತ ಹಾಗಾಯ್ತು. ಸಣ್ಣವನಿದ್ದಾಗ ಅಜ್ಜನ ಜೊತೆ ಆಟಕ್ಕೆ ಹೋಗ್ತಿದ್ದೆ, ಬಣ್ಣ ಹಚ್ಚೋದನ್ನೇ ನೋಡ್ತಾ ನಿದ್ದೆ ಮಾಡ್ತಿದ್ದೆ.’ (ಚೌಕಿ ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ.) ಇಲ್ಲಿ ‘ತುಂಬಾ ಥ್ಯಾಂಕ್ಸ್’ ಎಂದಷ್ಟೇ ಬರೆದರೆ ಅವರು ತೆರೆದ ಬಾಗಿಲನ್ನು ನೀವೇ ಮುಚ್ಚಿದ ಹಾಗೆ. ಅವರು ಹೇಳಿದ್ದರಲ್ಲಿ ಒಂದು ಎಳೆ ಹಿಡಿಯಿರಿ: ‘ಆ ಬೆಳಕು ಸರಿ ಬರಲಿ ಅಂತಲೇ ಒಂದು ಕಡೆಯಿಂದ ಹಳದಿ, ಇನ್ನೊಂದು ಕಡೆಯಿಂದ ಪೂರ್ತಿ ಕತ್ತಲೆ ಇಟ್ಟೆ. ನಿಮಗೆ ಚೌಕಿ ನೆನಪಾಯ್ತು ಅಂದ್ರೆ ಕೆಲಸ ಆಯ್ತು. ಯಾವ ಮೇಳದ ಆಟಕ್ಕೆ ಹೋಗ್ತಿದ್ರಿ?’ ಕೊನೆಯ ಪ್ರಶ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಅವರು ಗುರುತಿಸಿದ ಆ ಬೆಳಕಿನ ಬಗ್ಗೆ ಒಂದು ಮಾತು ಇರಲೇಬೇಕು. ಓದಿದ್ದೀರಿ ಎನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇರೆ ಬೇಡ.

ಮೂರನೆಯದು: ‘ಚಿತ್ರ ಚೆಂದ ಉಂಟು. ಆದ್ರೆ ಬಡಗಿನಲ್ಲಿ ಅಭಿಮನ್ಯುವಿಗೆ ಕಟ್ಟೋದು ಕೇದಗೆ ಮುಂದಲೆ. ಈ ಮುಂಡಾಸು ಕರ್ಣ, ಅರ್ಜುನರದ್ದು.’

ಹೆಚ್ಚಿನವರು ಎಡವುವುದು ಇಂಥ ಕಡೆ. ‘ಇದು ನನ್ನ ಶೈಲಿ’, ‘ಕಲಾವಿದನಿಗೆ ಸ್ವಾತಂತ್ರ್ಯ ಇರುತ್ತೆ’ ಎಂಬ ಉತ್ತರ ಬೆರಳ ತುದಿಗೆ ಬಂದುಬಿಡುತ್ತದೆ. ಆದರೆ ಈ ಮೂವರಲ್ಲಿ ಚಿತ್ರವನ್ನು ಅತಿ ಹೆಚ್ಚು ಹೊತ್ತು ನೋಡಿದವರು ಮೂರನೆಯವರೇ. ಎಳೆಯ ವೀರರಿಗೆ ಕಟ್ಟುವ ಕೇದಗೆ ಮುಂದಲೆ ಯಾವುದು, ರಾಜವೇಷದ ಮುಂಡಾಸು ಯಾವುದು ಎಂದು ಗೊತ್ತಿರುವ ಅಭಿಮಾನಿ ನಿಮ್ಮ ಪುಟಕ್ಕೆ ಬಂದದ್ದೇ ದೊಡ್ಡ ವಿಷಯ. ಹೀಗೆ ಬರೆಯಬಹುದು: ‘ಗಮನಿಸಿ ಹೇಳಿದ್ದಕ್ಕೆ ಧನ್ಯವಾದ. ಎರಡರ ಕಟ್ಟೋಣಕ್ಕೂ ಇಷ್ಟು ವ್ಯತ್ಯಾಸ ಇದೆ ಅಂತ ಈಗ ನೋಡಿದೆ. ಮುಂದಲೆ ಕಟ್ಟಿದ್ದರ ಹತ್ತಿರದ ಫೋಟೋ ಯಾವುದಾದ್ರೂ ಗೊತ್ತಿದ್ರೆ ತಿಳಿಸಿ, ತಿದ್ದಿ ಬರೀತೇನೆ.’ ತಿದ್ದಿ ಬರೆದ ಚಿತ್ರ ಹಾಕುವಾಗ ವಿವರಣೆಯಲ್ಲಿ ಅವರ ಹೆಸರು ಹಾಕಿ. ನೂರು ‘ಥ್ಯಾಂಕ್ಸ್’ಗಳಿಗಿಂತ ಆ ಒಂದು ಹೆಸರಿನ ತೂಕ ಹೆಚ್ಚು.

ಟೀಕೆ ತಪ್ಪಾಗಿದ್ದರೆ? ಆಗಲೂ ಗಮನ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿ, ಯಾಕೆ ಹಾಗೆ ಬರೆದಿರಿ ಎಂದು ಒಂದೇ ಸಾಲಿನಲ್ಲಿ ತಿಳಿಸಿ, ಬಿಟ್ಟುಬಿಡಿ. ವಾದ ಮೂರನೇ ಸುತ್ತಿಗೆ ಹೋಯಿತು ಅಂದರೆ ಅದು ಥ್ಯಾಂಕ್ಸ್ ವಿಷಯವಾಗಿ ಉಳಿದಿಲ್ಲ. ಬರಿಯ ಬೈಗುಳಕ್ಕೆ ಏನನ್ನೂ ಹೇಳಬೇಕಿಲ್ಲ.

ಉತ್ತರ ಯಾವಾಗಲೂ ಕಮೆಂಟ್‌ನ ಕೆಳಗೇ ಇರಲಿ. ಎಲ್ಲರೆದುರು ಹೊಗಳಿದವರಿಗೆ ಖಾಸಗಿಯಾಗಿ ಉತ್ತರಿಸಿದರೆ ಅವರಿಗೂ ಮುಜುಗರ, ಮುಂದೆ ಬಂದು ಓದುವವರಿಗೆ ನೀವು ಉತ್ತರಿಸಿಯೇ ಇಲ್ಲ ಎನ್ನಿಸುತ್ತದೆ. ಅದೇ ರೀತಿ ಖಾಸಗಿ ನೋಟ್‌ನಲ್ಲಿ ಯಾರೋ ‘ಮನಸ್ಸು ಸರಿಯಿಲ್ಲದಾಗ ನಿಮ್ಮ ಚಿತ್ರ ನೋಡ್ತೀನಿ’ ಎಂದು ಬರೆದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿಗೆ ಹಾಕಬೇಡಿ, ಹೆಸರು ಅಳಿಸಿಯೂ ಬೇಡ. ಆ ಮಾತು ನಿಮಗೊಬ್ಬರಿಗೆ ಬರೆದದ್ದು.

ಹೆಜ್ಜೆ 4: ಯಾವ ಭಾಷೆ, ಯಾವ ಸಲಿಗೆ

ಕಮೆಂಟ್ ಕನ್ನಡದಲ್ಲಿದ್ದರೆ ಉತ್ತರ ಕನ್ನಡದಲ್ಲಿ. ‘ಮಸ್ತ್ ಐತ್ರೀ’ ಎಂದು ಧಾರವಾಡದ ಧಾಟಿಯಲ್ಲಿ ಬರೆದವರಿಗೆ ‘ಥ್ಯಾಂಕ್ಸ್ ರೀ’ ಎಂದರೆ ಖುಷಿಪಡುತ್ತಾರೆ. ಅವರ ಧಾಟಿಯನ್ನು ನೀವು ಅಣಕಿಸಲು ಹೋಗಬೇಡಿ, ನಿಮ್ಮದು ಯಾವುದೋ ಅದರಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರಿಗೆ ಕನ್ನಡ ಲಿಪಿಯಲ್ಲಿ ಉತ್ತರಿಸಿದರೆ ತೊಂದರೆಯಿಲ್ಲ, ಆದರೆ ‘ಕನ್ನಡದಲ್ಲೇ ಬರೀಬಹುದಿತ್ತಲ್ಲ’ ಎಂಬ ಉಪದೇಶ ಅದರ ಜೊತೆಗೆ ಬೇಡ. ಹೊಗಳಲು ಬಂದವರಿಗೆ ಪಾಠ ಮಾಡುವುದು ಚೆನ್ನಾಗಿರುವುದಿಲ್ಲ.

ಗುರುತು ಇಲ್ಲದವರಿಗೆ ‘ಬ್ರೋ’, ‘ಸಿಸ್’, ‘ಅಕ್ಕ’, ‘ಅಣ್ಣ’ ಎಂದು ನೀವಾಗಿ ಶುರು ಮಾಡಬೇಡಿ. ಪ್ರೊಫೈಲಿನಲ್ಲಿ ಇರುವುದು ಒಂದು ಬೆಕ್ಕಿನ ಚಿತ್ರ, ಹಿಂದೆ ಕೂತಿರುವುದು ಹದಿಮೂರರ ಹುಡುಗಿಯೋ ಅರವತ್ತರ ನಿವೃತ್ತ ಮೇಷ್ಟರೋ ಗೊತ್ತಿಲ್ಲ. ‘ನೀವು’ ಮತ್ತು ‘ರೀ’ ಎಲ್ಲರಿಗೂ ಒಪ್ಪುತ್ತದೆ. ಅವರೇ ‘ಅಣ್ಣಾ’ ಎಂದು ಕರೆದಾಗ ಸಲಿಗೆಯಿಂದ ಉತ್ತರಿಸಬಹುದು, ಆದರೂ ಏಕವಚನಕ್ಕೆ ಇಳಿಯುವ ಆತುರ ಬೇಡ.

ಜಪಾನಿನ ಪಿಕ್ಸಿವ್‌ನಲ್ಲಿ ಚಿತ್ರ ಹಾಕುವ ಕನ್ನಡಿಗರೂ ಈಗ ಇದ್ದಾರೆ. 2007ರಲ್ಲಿ ಶುರುವಾದ ಆ ತಾಣದಲ್ಲಿ ಹೆಚ್ಚಿನವರು ಮಾತಾಡದೆ ಬುಕ್‌ಮಾರ್ಕ್ ಮಾಡಿ ಹೋಗುತ್ತಾರೆ, ಕಮೆಂಟ್ ಹಾಕಿದರೂ ಎಷ್ಟೋ ಸಲ ಒಂದು ಸ್ಟ್ಯಾಂಪ್ ಚಿತ್ರ ಅಷ್ಟೇ. ಅದನ್ನು ತಣ್ಣಗಿನ ಪ್ರತಿಕ್ರಿಯೆ ಎಂದುಕೊಳ್ಳಬೇಡಿ. ತಿರುಗಿ ಒಂದು ಸ್ಟ್ಯಾಂಪ್ ಸಾಕು. ಅನುವಾದ ಯಂತ್ರ ಬಳಸಿ ಬರೆಯುವುದಾದರೆ ಚಿಕ್ಕ, ನೇರ ವಾಕ್ಯ ಕೊಡಿ. ಜೋಕು, ಗಾದೆ, ವ್ಯಂಗ್ಯ ಯಂತ್ರದ ಕೈಯಲ್ಲಿ ಏನಾಗಿ ಹೊರಬರುತ್ತದೋ ದೇವರೇ ಬಲ್ಲ.

ಹೆಜ್ಜೆ 5: ಫ್ಯಾನ್‌ಆರ್ಟ್ ಬಂದಾಗ

ನಿಮ್ಮ ಪಾತ್ರವನ್ನು ಯಾರೋ ತಮ್ಮ ಕೈಯಾರೆ ಬರೆದು ಟ್ಯಾಗ್ ಮಾಡಿದ್ದಾರೆ. ಇದಕ್ಕಿಂತ ದೊಡ್ಡ ಉಡುಗೊರೆ ಈ ಲೋಕದಲ್ಲಿಲ್ಲ, ಬರೆದವರ ಕೈ ಇನ್ನೂ ಪಳಗಿರದಿದ್ದರೂ ಸರಿಯೇ.

ಮೊದಲ ಕೆಲಸ, ಅವರು ಹಾಕಿದ ಪೋಸ್ಟಿನ ಕೆಳಗೇ ಹೋಗಿ ಬರೆಯುವುದು. ಅವರ ಚಿತ್ರದಲ್ಲಿ ಅವರದೇ ಆಗಿರುವ ಒಂದು ಆಯ್ಕೆಯನ್ನು ಹುಡುಕಿ: ‘ನಾನು ಅವಳಿಗೆ ಎಂದೂ ಮಳೆಗಾಲ ತೋರಿಸಿಲ್ಲ, ನೀವು ಕೊಡೆ ಕೊಟ್ಟದ್ದು ಎಷ್ಟು ಒಪ್ತದೆ!’ ಎನ್ನುವಂಥದ್ದು. ನಿಮ್ಮ ಪಾತ್ರವನ್ನು ಎಷ್ಟು ಸರಿಯಾಗಿ ನಕಲು ಮಾಡಿದ್ದಾರೆ ಎನ್ನುವುದಕ್ಕಿಂತ, ಅವರು ಹೊಸದಾಗಿ ಏನು ಸೇರಿಸಿದರು ಎಂಬುದರ ಬಗ್ಗೆ ಹೇಳಿದರೆ ಅವರಿಗೆ ಹೆಚ್ಚು ತಲುಪುತ್ತದೆ. ‘ಅವಳ ಜಡೆ ಎಡಕ್ಕಿರಬೇಕಿತ್ತು’ ಎನ್ನಬೇಡಿ. ಅವರಾಗಿ ಕೇಳಿದರೆ ಮಾತ್ರ ಹೇಳಿ.

ಆಮೇಲೆ ಹಂಚಿಕೊಳ್ಳುವ ಪ್ರಶ್ನೆ. ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಅವರು ನಿಮ್ಮನ್ನು ಮೆನ್ಷನ್ ಮಾಡಿದ್ದರೆ ನಿಮಗೆ ಬರುವ ಸಂದೇಶದಲ್ಲಿ ‘ನಿಮ್ಮ ಸ್ಟೋರಿಗೆ ಸೇರಿಸಿ’ ಎಂಬ ಬಟನ್ ಇರುತ್ತದೆ. ಅವರ ಹೆಸರು ತಾನಾಗಿ ಅಂಟಿಕೊಂಡು ಬರುವುದರಿಂದ ಇದು ಸುರಕ್ಷಿತ ದಾರಿ. ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ, ತಡ ಮಾಡಿದರೆ ಬಟನ್ನೂ ಹೋಗುತ್ತದೆ. ಆದರೆ ಚಿತ್ರವನ್ನು ಇಳಿಸಿಕೊಂಡು ನಿಮ್ಮ ಪುಟದಲ್ಲಿ ಹೊಸ ಪೋಸ್ಟ್ ಮಾಡುವುದಾದರೆ ಕೇಳಿಯೇ ಹಾಕಿ. ಪಾತ್ರ ನಿಮ್ಮದಿರಬಹುದು, ಆ ಗೆರೆ ಅವರದು. ಜಪಾನಿನ ಕಲಾವಿದರಲ್ಲಂತೂ ಅನುಮತಿಯಿಲ್ಲದ ರೀಪೋಸ್ಟ್‌ಗಿಂತ ದೊಡ್ಡ ಅಪಚಾರವಿಲ್ಲ. ‘ಮರುಪ್ರಕಟಣೆ ಬೇಡ’ ಎಂದು ಎಷ್ಟೋ ಜನ ಪ್ರೊಫೈಲಿನಲ್ಲೇ ಬರೆದಿರುತ್ತಾರೆ.

ಹಾಕುವಾಗ ಹೆಸರು ಮೊದಲ ಸಾಲಿನಲ್ಲಿರಲಿ. ಹ್ಯಾಶ್‌ಟ್ಯಾಗುಗಳ ಅಡಿಯಲ್ಲಿ ‘ಇನ್ನಷ್ಟು’ ಒತ್ತಿದ ಮೇಲೆ ಕಾಣುವ ಹೆಸರು ಕ್ರೆಡಿಟ್ ಅನ್ನಿಸಿಕೊಳ್ಳುವುದಿಲ್ಲ. ಅವರ ಸಹಿ ಇರುವ ಮೂಲೆಯನ್ನು ಕತ್ತರಿಸಬೇಡಿ, ಬಣ್ಣ ಬದಲಿಸಬೇಡಿ, ಫಿಲ್ಟರ್ ಹಾಕಬೇಡಿ. ಇದು ಸೌಜನ್ಯದ ಮಾತಷ್ಟೇ ಅಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ಕೆಡಿಸದಂತೆ ತಡೆಯುವ ಹಕ್ಕನ್ನೂ ಬರೆದವರಿಗೇ ಕೊಡುತ್ತದೆ. ಸ್ಟಿಕರ್, ಕೀಚೈನು, ಕ್ಯಾಲೆಂಡರ್‌ಗೆ ಅದನ್ನು ಬಳಸುವ ಯೋಚನೆ ಬಂದರೆ ಅದು ವ್ಯಾಪಾರ. ಬೇರೆಯಾಗಿ ಮಾತಾಡಿ, ದುಡ್ಡು ಕೊಡಿ.

ಹಲವರಿಂದ ಫ್ಯಾನ್‌ಆರ್ಟ್ ಬರುತ್ತಿದ್ದರೆ ಡೀವಿಯಂಟ್‌ಆರ್ಟ್‌ನ ಹಳೆಯ ಪದ್ಧತಿ ಒಳ್ಳೆಯದು: ತಿಂಗಳಿಗೊಮ್ಮೆ ಒಂದು ಜರ್ನಲ್ (ಬ್ಲಾಗಿನಂಥ ಬರಹ) ಬರೆದು ಎಲ್ಲವನ್ನೂ ಲಿಂಕ್ ಸಮೇತ ತೋರಿಸುವುದು, ಜೊತೆಗೆ ‘ನನಗೆ ಬಂದ ಉಡುಗೊರೆಗಳು’ ಎಂಬ ಕಲೆಕ್ಷನ್ ಮಾಡಿ ಅದರಲ್ಲಿ ಇಡುವುದು. ಜರ್ನಲಿನಲ್ಲಿ ಚೆನ್ನಾಗಿರುವುದನ್ನು ಮೇಲೆ, ಸಾಧಾರಣದ್ದನ್ನು ಕೆಳಗೆ ಎಂದು ಜೋಡಿಸಬೇಡಿ. ಬಂದ ದಿನಾಂಕದ ಕ್ರಮದಲ್ಲಿರಲಿ, ಯಾರಿಗೂ ನೋವಾಗುವುದಿಲ್ಲ.

ತಿರುಗಿ ನೀವೂ ಅವರಿಗೆ ಚಿತ್ರ ಬರೆದುಕೊಡಬೇಕೇ? ಬೇಕಿಲ್ಲ. ಬರೆದುಕೊಟ್ಟರೆ ಸಂತೋಷ, ಆದರೆ ಒಬ್ಬರಿಗೆ ‘ಮುಂದಿನ ವಾರ ನಿಮಗೂ ಒಂದು ಬರೀತೀನಿ’ ಎಂದು ಮಾತು ಕೊಟ್ಟು ತಪ್ಪಿಸುವುದಕ್ಕಿಂತ ಸುಮ್ಮನಿರುವುದು ಮೇಲು.

ಇತ್ತೀಚಿನ ಒಂದು ತೊಡಕು ಎಐ ಚಿತ್ರಗಳದು. ಡೀವಿಯಂಟ್‌ಆರ್ಟ್ 2022ರ ನವೆಂಬರ್‌ನಲ್ಲಿ ಡ್ರೀಮ್‌ಅಪ್ ಎಂಬ ತನ್ನದೇ ಉಪಕರಣ ತಂದಾಗ ಅಲ್ಲಿನ ಕಲಾವಿದರು ದೊಡ್ಡ ಗಲಾಟೆ ಎಬ್ಬಿಸಿದ್ದರು. ಈಗ ಕೆಲವು ಅಭಿಮಾನಿಗಳು ನಿಮ್ಮ ಚಿತ್ರಗಳನ್ನೇ ಯಂತ್ರಕ್ಕೆ ತಿನ್ನಿಸಿ, ಹೊರಬಂದದ್ದನ್ನು ಉಡುಗೊರೆ ಎಂದು ಪ್ರೀತಿಯಿಂದ ಕಳಿಸುತ್ತಾರೆ. ಕೋಪ ಬರುತ್ತದೆ, ಸಹಜ. ಆದರೆ ಕಳಿಸಿದವರು ಬಹಳ ಸಲ ಚಿಕ್ಕವರು, ಕೇಡು ಬಯಸಿದವರಲ್ಲ. ‘ನನ್ನ ಪಾತ್ರ ನಿಮಗೆ ಇಷ್ಟವಾದದ್ದು ಖುಷಿ. ನನ್ನ ಚಿತ್ರಗಳನ್ನು ಎಐಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಹಾಗಾಗಿ ಇದನ್ನು ಹಂಚಿಕೊಳ್ಳುವುದಿಲ್ಲ. ಪೆನ್ಸಿಲಿನಲ್ಲಿ ಗೀಚಿದ್ದಾದರೂ ಸರಿ, ನೋಡಲು ಕಾಯ್ತೇನೆ’ ಎಂದು ಬರೆದರೆ ಎರಡೂ ಹೇಳಿದಂತಾಯಿತು. ನಿಮ್ಮ ನಿಲುವನ್ನು ಪ್ರೊಫೈಲಿನಲ್ಲಿ ಮೊದಲೇ ಹಾಕಿಟ್ಟರೆ ಈ ಪ್ರಸಂಗವೇ ಕಮ್ಮಿಯಾಗುತ್ತದೆ.

ಹೆಜ್ಜೆ 6: ದುಡ್ಡು, ಪಾಯಿಂಟ್, ಖರೀದಿ

ಡೀವಿಯಂಟ್‌ಆರ್ಟ್ ಪಾಯಿಂಟ್ (ಆ ತಾಣದೊಳಗೆ ದುಡ್ಡಿನ ಹಾಗೆ ನಡೆಯುವಂಥದ್ದು) ಕೊಟ್ಟವರಿಗೆ, ಟಿಪ್ ಕೊಟ್ಟವರಿಗೆ ಥ್ಯಾಂಕ್ಸ್ ಹೇಳುವಾಗ ಮೊತ್ತ ಹೇಳಬೇಡಿ. ಪಾಯಿಂಟ್‌ನ ಬೆಲೆ ಎಲ್ಲರಿಗೂ ಗೊತ್ತು, 80 ಪಾಯಿಂಟ್ ಅಂದರೆ ಒಂದು ಡಾಲರ್. ಹತ್ತು ಪಾಯಿಂಟ್ ಕೊಟ್ಟ ವಿದ್ಯಾರ್ಥಿಗೂ ಸಾವಿರ ಕೊಟ್ಟ ಉದ್ಯೋಗಸ್ಥರಿಗೂ ಅದೇ ಆದರದ ಸಾಲು ಸಿಗಬೇಕು. ದಾನಿಗಳ ಪಟ್ಟಿ ಹಾಕುವವರು ಹೆಸರು ಹಾಕಬಹುದೇ ಎಂದು ಕೇಳಿಕೊಳ್ಳಿ, ಕೆಲವರಿಗೆ ಮನೆಯವರಿಗೆ ಗೊತ್ತಾಗುವುದು ಬೇಡವಾಗಿರುತ್ತದೆ.

ನಮ್ಮಲ್ಲಿ ಯುಪಿಐ ಮೂಲಕ ಟಿಪ್ ಬರುತ್ತದೆ. ಖುಷಿಯಲ್ಲಿ ಅದರ ಸ್ಕ್ರೀನ್‌ಶಾಟ್ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ. ಎಷ್ಟೋ ಯುಪಿಐ ಐಡಿಗಳಲ್ಲಿ ಮೊಬೈಲ್ ನಂಬರೇ ಇರುತ್ತದೆ, ಬ್ಯಾಂಕಿನಲ್ಲಿರುವ ಪೂರ್ತಿ ಹೆಸರೂ ಕಾಣುತ್ತದೆ. ನಿಮಗೆ ಐವತ್ತು ರೂಪಾಯಿ ಕೊಟ್ಟ ತಪ್ಪಿಗೆ ಒಬ್ಬ ಹೆಣ್ಣುಮಗಳ ನಂಬರು ಊರೆಲ್ಲ ಹಂಚಿಹೋಗಬಾರದು.

ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಕೂತವರಿಗೆ ಇನ್ನೊಂದು ಬಗೆಯ ಅಭಿಮಾನಿ ಸಿಗುತ್ತಾರೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರ ಕೊಂಡವರು ವಾರ ಕಳೆದ ಮೇಲೆ ಅದನ್ನು ಗೋಡೆಗೆ ತೂಗುಹಾಕಿ ಫೋಟೋ ತೆಗೆದು ನಿಮಗೆ ಕಳಿಸುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳುವಾಗ ಸಂತೆಯ ದಿನದ ಒಂದು ನೆನಪು ಸೇರಿಸಿ, ‘ಬಿಸಿಲಲ್ಲಿ ಅಷ್ಟು ಹೊತ್ತು ನಿಂತು ಎರಡರಲ್ಲಿ ಒಂದನ್ನು ಆರಿಸಿದ್ರಲ್ಲ’ ಎನ್ನುವಂತೆ. ಆ ಫೋಟೋ ನಿಮ್ಮ ಪುಟಕ್ಕೆ ಬೇಕೆನಿಸಿದರೆ ಕೇಳಿ, ಕೇಳುವ ಮುಂಚೆ ಫೋಟೋವನ್ನು ಸರಿಯಾಗಿ ನೋಡಿ: ಹಿನ್ನೆಲೆಯಲ್ಲಿ ಮಗುವಿನ ಶಾಲಾ ಸಮವಸ್ತ್ರವೋ, ಮೇಜಿನ ಮೇಲೆ ವಿಳಾಸ ಕಾಣುವ ಲಕೋಟೆಯೋ ಇದ್ದರೆ ಚಿತ್ರದಷ್ಟನ್ನೇ ಕತ್ತರಿಸಿ ಹಾಕುವುದಾಗಿ ನೀವೇ ಹೇಳಿ.

ಹೆಜ್ಜೆ 7: ನಿಮ್ಮನ್ನು ಮೇಲೆತ್ತಿದವರನ್ನು ಮರೆಯಬೇಡಿ

ಡೀವಿಯಂಟ್‌ಆರ್ಟ್‌ನಲ್ಲಿ ‘ಡೈಲಿ ಡೀವಿಯೇಶನ್’, ಅಂದರೆ ತಾಣವು ದಿನವೂ ಆರಿಸಿ ತೋರಿಸುವ ಚಿತ್ರಗಳಲ್ಲಿ ಜಾಗ ಸಿಕ್ಕರೆ ಒಂದೇ ದಿನದಲ್ಲಿ ಫೇವ್‌ಗಳು ಸುರಿಯುತ್ತವೆ. ಆ ಗದ್ದಲದಲ್ಲಿ ಎಲ್ಲರೂ ಬಂದವರಿಗೆ ಥ್ಯಾಂಕ್ಸ್ ಹೇಳಲು ಓಡುತ್ತಾರೆ. ಮೊದಲು ಹೇಳಬೇಕಾದ್ದು ಇಬ್ಬರಿಗೆ: ನಿಮ್ಮ ಚಿತ್ರವನ್ನು ಸೂಚಿಸಿದವರು ಮತ್ತು ಆರಿಸಿ ಹಾಕಿದವರು. ಆಯ್ಕೆಯ ಜೊತೆಗೆ ಅವರ ಹೆಸರು ಇರುತ್ತದೆ. ಸೂಚಿಸಿದವರು ಅದಕ್ಕಾಗಿ ಕೂತು ಕಾರಣ ಬರೆದಿರುತ್ತಾರೆ. ಅವರಿಗೆ ಪ್ರತ್ಯೇಕವಾಗಿ ಬರೆಯಿರಿ. ಮಿಕ್ಕವರಿಗೆಲ್ಲ ಒಂದು ಜರ್ನಲ್ ಅಥವಾ ಚಿತ್ರದ ವಿವರಣೆಯಲ್ಲಿ ಎರಡು ಸಾಲು ಸಾಕು, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ದೊಡ್ಡ ಪುಟವೊಂದು ನಿಮ್ಮ ಚಿತ್ರ ಹಂಚಿಕೊಂಡಾಗಲೂ ಇದೇ ಕ್ರಮ. ಹೆಸರು ಹಾಕದೆ ಹಂಚಿಕೊಂಡಿದ್ದರೆ ಮಾತ್ರ ಥ್ಯಾಂಕ್ಸ್ ಆಮೇಲೆ, ಮೊದಲು ‘ಹೆಸರು ಸೇರಿಸಿ’ ಎಂದು ಕೇಳಿ.

‘ಸಾವಿರ ಫಾಲೋವರ್ಸ್’ ಪೋಸ್ಟುಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಮಾಡುವುದಾದರೆ ಅಂಕಿಯನ್ನು ದೊಡ್ಡದಾಗಿ ಬರೆಯುವ ಬದಲು ಅಭಿಮಾನಿಗಳಿಗೆ ಉಪಯೋಗವಾಗುವ ಏನನ್ನಾದರೂ ಕೊಡಿ: ಒಂದು ವಾಲ್‌ಪೇಪರ್, ಬ್ರಷ್ ಸೆಟ್, ನೀವು ಬಣ್ಣ ಹಾಕುವ ಕ್ರಮದ ಚಿಕ್ಕ ವೀಡಿಯೊ. ಡೀವಿಯಂಟ್‌ಆರ್ಟ್‌ನಲ್ಲಿ ಹಿಂದೆ ‘ಕಿರಿಬನ್’ ಎಂಬ ಮೋಜಿನ ಪದ್ಧತಿ ಇತ್ತು, ಜಪಾನಿನಿಂದ ಬಂದದ್ದು. ಪುಟದ ವೀಕ್ಷಣೆಯ ಅಂಕಿ 10,000 ಮುಟ್ಟಿದಾಗ ಯಾರ ಪರದೆಯಲ್ಲಿ ಅದು ಕಾಣುತ್ತದೋ ಅವರು ಸ್ಕ್ರೀನ್‌ಶಾಟ್ ಕಳಿಸಬೇಕು, ಅವರಿಗೆ ಒಂದು ಚಿತ್ರ ಉಚಿತ. ಲಾಟರಿ ಎತ್ತುವುದಾದರೆ ನಿಯಮ ನೋಡಿಕೊಳ್ಳಿ. ಚಿತ್ರದಲ್ಲಿ ಇಲ್ಲದವರನ್ನು ಅದರಲ್ಲಿ ಟ್ಯಾಗ್ ಮಾಡಿಸುವುದಕ್ಕೆ ಇನ್‌ಸ್ಟಾಗ್ರಾಮ್‌ನ ನಿಯಮದಲ್ಲಿ ಅವಕಾಶವಿಲ್ಲ, ‘ನಿಮ್ಮ ಟೈಮ್‌ಲೈನಿನಲ್ಲಿ ಶೇರ್ ಮಾಡಿದರೆ ಮಾತ್ರ ಬಹುಮಾನ’ ಎನ್ನುವುದಕ್ಕೆ ಫೇಸ್‌ಬುಕ್‌ನಲ್ಲಿ ಅವಕಾಶವಿಲ್ಲ. ನಿಯಮ ಬಿಡಿ, ಮೂವರು ಗೆಳೆಯರನ್ನು ಟ್ಯಾಗ್ ಮಾಡಿ ಎಂದು ಅಭಿಮಾನಿಯನ್ನು ಕೆಲಸಕ್ಕೆ ಹಚ್ಚಿದರೆ ಅದನ್ನು ಥ್ಯಾಂಕ್ಸ್ ಎಂದು ಹೇಗೆ ಕರೆಯುವುದು?

ಹೆಜ್ಜೆ 8: ಅಭಿಮಾನಿಯಲ್ಲದವರನ್ನು ಗುರುತಿಸಿ

ಪ್ರತಿ ಹೊಗಳಿಕೆಗೂ ಥ್ಯಾಂಕ್ಸ್ ಹೇಳಬೇಕೆಂಬ ಸಂಕೋಚದ ಮೇಲೆಯೇ ಬದುಕುವವರಿದ್ದಾರೆ. ನಿನ್ನೆ ತಾನೇ ತೆರೆದ ಖಾತೆ, ಗ್ಯಾಲರಿಯಲ್ಲಿ ಏನೂ ಇಲ್ಲ, ‘ನಿಮ್ಮ ಕಲೆ ಅದ್ಭುತ, ಡಿಸ್ಕಾರ್ಡ್‌ನಲ್ಲಿ ಮಾತಾಡಬಹುದೇ?’ ಎಂಬ ಕಮೆಂಟ್. ಡೀವಿಯಂಟ್‌ಆರ್ಟ್‌ನಲ್ಲಿ ಇದು ದಿನನಿತ್ಯದ ಹಾವಳಿ. ಚಿತ್ರದಲ್ಲಿ ಏನಿದೆ ಎಂಬ ಮಾತು ಒಂದೂ ಇರುವುದಿಲ್ಲ, ಅದೇ ಗುರುತು. ಇನ್‌ಸ್ಟಾಗ್ರಾಮ್‌ನಲ್ಲಿ ‘ಈ ಪುಟಕ್ಕೆ ಕಳಿಸಿ, ಪ್ರಮೋಟ್ ಮಾಡ್ತೇವೆ’ ಎನ್ನುವವು ಬರುತ್ತವೆ. ಇವಕ್ಕೆ ಉತ್ತರವೇ ಬೇಡ, ಅಳಿಸಿ, ರಿಪೋರ್ಟ್ ಮಾಡಿ.

ಇನ್ನೊಂದು ಬಗೆಯವರು ಹೊಗಳಿ, ಕಮಿಷನ್ ಕೇಳಿ, ‘ದುಡ್ಡು ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುತ್ತಾರೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸುವುದಕ್ಕೆ, ಪಡೆಯುವುದಕ್ಕಲ್ಲ. ಅಲ್ಲಿಗೆ ಮಾತು ಮುಗಿಸಿ.

ನಿಜವಾದ ಅಭಿಮಾನಿಯೇ ಮಿತಿ ಮೀರುವುದೂ ಉಂಟು. ಚಿತ್ರ ಬಿಟ್ಟು ನಿಮ್ಮ ಫೋಟೋ, ಊರು, ಮದುವೆಯ ವಿಚಾರಕ್ಕೆ ಬಂದರೆ ಥ್ಯಾಂಕ್ಸ್‌ನ ಹಂಗು ಅಲ್ಲಿಗೆ ತೀರಿತು. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್‌ಸ್ಟಾಗ್ರಾಮ್‌ನ ‘ರಿಸ್ಟ್ರಿಕ್ಟ್’ ಬಳಸಿದರೆ ಅವರ ಹೊಸ ಕಮೆಂಟ್ ನೀವು ಒಪ್ಪುವ ತನಕ ಅವರಿಗೆ ಮಾತ್ರ ಕಾಣುತ್ತದೆ, ಜಗಳವಿಲ್ಲದೆ ಕೆಲಸವಾಗುತ್ತದೆ. ನೀವು ದೊಡ್ಡವರು, ಅಭಿಮಾನಿ ಶಾಲೆಗೆ ಹೋಗುವ ವಯಸ್ಸಿನವರು ಎಂದು ತಿಳಿದರೆ ಎಲ್ಲ ಮಾತೂ ಸಾರ್ವಜನಿಕ ಕಮೆಂಟಿನಲ್ಲೇ ಇರಲಿ.

ಹೆಜ್ಜೆ 9: ವಾರದ ಲೆಕ್ಕ, ತಡವಾದಾಗಿನ ದಾರಿ

ದಿನವಿಡೀ ಉತ್ತರ ಬರೆಯುತ್ತ ಕೂತರೆ ಚಿತ್ರ ಬರೆಯುವವರು ಯಾರು? ವಾರದಲ್ಲಿ ಒಂದೆರಡು ಹೊತ್ತು ಇದಕ್ಕೇ ಇಟ್ಟುಕೊಳ್ಳಿ. ಫ್ಯಾನ್‌ಆರ್ಟ್ ಮೊದಲು, ಆಮೇಲೆ ಪ್ರಶ್ನೆ ಮತ್ತು ಟೀಕೆ, ಆಮೇಲೆ ಮನಸ್ಸಿಟ್ಟು ಬರೆದ ಕಮೆಂಟ್, ಉಳಿದ ಸಮಯದಲ್ಲಿ ಚಿಕ್ಕವು. ಒಂದೇ ವಾಕ್ಯವನ್ನು ಕಾಪಿ ಮಾಡಿ ಎಲ್ಲ ಕಡೆ ಅಂಟಿಸಬೇಡಿ. ಕಮೆಂಟ್ ಪಟ್ಟಿಯಲ್ಲಿ ಒಂದರ ಕೆಳಗೊಂದು ಅದೇ ಸಾಲು ಕಂಡರೆ ಬರೆದವರಿಗೆಲ್ಲ ತಾವು ಸರತಿಯಲ್ಲಿ ನಿಂತ ಹಾಗೆ ಅನ್ನಿಸುತ್ತದೆ, ಜೊತೆಗೆ ಬೇಗ ಬೇಗ ಒಂದೇ ಕಮೆಂಟ್ ಹಾಕುವ ಖಾತೆಯನ್ನು ಇನ್‌ಸ್ಟಾಗ್ರಾಮ್ ಸ್ಪ್ಯಾಮ್ ಎಂದು ಸ್ವಲ್ಪ ಕಾಲ ತಡೆಹಿಡಿಯುವುದೂ ಇದೆ.

ಕಮೆಂಟ್ ತೀರಾ ಹೆಚ್ಚಾಗಿ ಒಬ್ಬೊಬ್ಬರಿಗೆ ಉತ್ತರಿಸಲು ಆಗದಿದ್ದಾಗ ಅದನ್ನು ಹೇಳಿಬಿಡಿ. ‘ಎಲ್ಲವನ್ನೂ ಓದ್ತಿದ್ದೇನೆ, ಉತ್ತರ ನಿಧಾನ’ ಎಂದು ಒಂದು ಕಮೆಂಟ್ ಬರೆದು ಮೇಲಕ್ಕೆ ಪಿನ್ ಮಾಡಿ. ಆದರೆ ನಿಜವಾಗಿ ಓದುತ್ತಿದ್ದರೆ ಮಾತ್ರ.

ಪರೀಕ್ಷೆ, ಕೆಲಸ, ಬಾಣಂತನ, ಕಾಯಿಲೆ ಅಂತ ತಿಂಗಳುಗಟ್ಟಲೆ ಆ ಕಡೆ ತಲೆ ಹಾಕದೆ ಇದ್ದು ಹಿಂದಿರುಗಿದಾಗ ಹಳೆಯ ಕಮೆಂಟುಗಳಿಗೆ ಈಗ ಉತ್ತರಿಸಿದರೆ ಚೆನ್ನಾಗಿರುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ‘ಸೂಪರ್’, ‘ಚಿಂದಿ’ಗಳನ್ನು ಬಿಟ್ಟುಬಿಡಿ. ನಾಲ್ಕು ಸಾಲು ಬರೆದವರಿಗೆ, ಪ್ರಶ್ನೆ ಕೇಳಿದವರಿಗೆ ಎರಡು ವರ್ಷ ಕಳೆದಿದ್ದರೂ ಉತ್ತರಿಸಿ. ತಡವಾದದ್ದಕ್ಕೆ ದೀರ್ಘ ಕ್ಷಮಾಪಣೆ ಬೇಡ, ಅದನ್ನು ಓದಿ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ‘ಇದನ್ನು ಇವತ್ತು ನೋಡಿದೆ. ನೀವು ಕೇಳಿದ ಆ ಹಸಿರು ಎರಡು ಪದರ: ಕೆಳಗೆ ಹಳದಿ, ಮೇಲೆ ತೆಳುವಾಗಿ ನೀಲಿ’ ಎಂದು ನೇರವಾಗಿ ವಿಷಯಕ್ಕೆ ಬನ್ನಿ.